ಬಾಗಿಲು ತಾಕಿದ ಕಣ್ಣು

ಮಗಳು ಬಾಗಿಲು ತೆಗೆದ ರೀತಿಯಲ್ಲೇ ದೇವಿರಮ್ಮನಿಗೆ ಅನುಮಾನ ಹುಟ್ಟಿತು. ಇಲವಾಲದಿಂದ ಬಸ್ಸು ಹತ್ತಿ ಬಂದು, ಪಟ್ಟಣದ ಬಸ್‌ಸ್ಟ್ಯಾಂಡಿನಿಂದ ನಜರ್‌ಬಾದಿನವರೆಗೆ ಸೊಗಡವರೆಕಾಯಿಯ ಚೀಲವನ್ನು ಸೊಂಟಕ್ಕೇರಿಸಿಕೊಂಡು ನಡೆದೇ ಬಂದಿದ್ದಳು. ಬೇರೆ ದಿನವಾಗಿದ್ದರೆ ಪುಟ್ಟತಾಯಿ ಚೀಲ ಕಿತ್ತುಕೊಂಡು ಹೊಸಿಲಲ್ಲೇ ಬಿಚ್ಚಿ ನೋಡುತ್ತಿದ್ದಳು. ಆವತ್ತು ಸೆರಗನ್ನು ಎಡಗಣ್ಣಿನ ಮೇಲಕ್ಕೆ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಬಾ ಅವ್ವ" ಎಂದು ಒಳಕ್ಕೆ ಸರಿದಳು. ಹೆತ್ತ ತಾಯಿಯ ಮುಂದೆ ಸೆರಗು ಎಳೆದುಕೊಳ್ಳುವ ಮಗಳನ್ನು ದೇವಿರಮ್ಮ ಎಲ್ಲೂ ಕಂಡಿರಲಿಲ್ಲ.

"ಏನಾಯ್ತೆ ಕಣ್ಣಿಗೆ?"

"ಏನಿಲ್ಲ ಬುಡವ್ವ. ಬಾಗ್ಲು ತಾಕ್ತು."

ಬಾಗಿಲು ತಾಕಿತು! ದೇವಿರಮ್ಮನ ಕೈಯ ಚೀಲ ಅಲ್ಲೇ ಕೆಳಗಿಳಿಯಿತು. ಈ ಮಾತು ಅವಳಿಗೆ ಹೊಸದಲ್ಲ. ಗಂಡ ಜವರಯ್ಯ ಬದುಕಿದ್ದಷ್ಟು ಕಾಲವೂ ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ತವರಿನ ಜಗಲಿಯಲ್ಲಿ ಅವಳು ಹೇಳಿಕೊಂಡು ಬಂದದ್ದು ಇದನ್ನೇ. ಇಲವಾಲದ ಆ ಮನೆಯ ಬಾಗಿಲು ಗಿಡ್ಡ ಎಂಬುದೇನೋ ನಿಜ. ಆದರೆ ಜವರಯ್ಯ ಹೆಂಡದಂಗಡಿಯಿಂದ ಬಂದ ರಾತ್ರಿ ಮಾತ್ರ ತಾಕುವ ಬಾಗಿಲು ಯಾವ ಊರಲ್ಲಿದೆ? ಊರಿನವರೇನು ದಡ್ಡರಲ್ಲ, ಎಲ್ಲರಿಗೂ ತಿಳಿದಿತ್ತು. ತಿಳಿದೂ "ನೋಡ್ಕೊಂಡು ಓಡಾಡು ದೇವಿರವ್ವ" ಎಂದು ಅವಳಿಗೇ ಬುದ್ಧಿ ಹೇಳುತ್ತಿದ್ದರು. ಬಾಗಿಲಿಗೆ ಬುದ್ಧಿ ಹೇಳುವ ಗಂಡಸು ಇಡೀ ಇಲವಾಲದಲ್ಲಿ ಒಬ್ಬನೂ ಹುಟ್ಟಿರಲಿಲ್ಲ.

ಮಗಳಿಗೆ ಮಾತ್ರ ಅವಳು ನಿಜ ತಿಳಿಯಗೊಟ್ಟಿರಲಿಲ್ಲ. ಪುಟ್ಟತಾಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಿಸಿದ ಅಪ್ಪ ಅವಳ ಪಾಲಿಗೆ ಹಾಗೆಯೇ ಉಳಿಯಲಿ ಎಂದು ಎಲ್ಲವನ್ನೂ ನುಂಗಿಕೊಂಡಿದ್ದಳು. ಜವರಯ್ಯ ಕಣ್ಣು ಮುಚ್ಚಿದ ಮೇಲೆ ಅವಳು ಮಾಡಿದ ದೊಡ್ಡ ಕೆಲಸವೆಂದರೆ ಹೆಂಡ ಮುಟ್ಟದ ಅಳಿಯನನ್ನು ಹುಡುಕಿದ್ದು. ಜಮೀನಿನವರು ಕೇಳಿ ಬಂದರೂ ಬಿಟ್ಟು, ಜಟಕಾ ಹೊಡೆಯುವ ಸಿದ್ದರಾಜುವಿಗೆ ಕೊಟ್ಟಳು. ಹುಡುಗ ಬೀಡಿಯನ್ನೂ ಸೇದುವುದಿಲ್ಲವೆಂದು ನಾಲ್ಕು ಕಡೆ ವಿಚಾರಿಸಿಯೇ ಕೊಟ್ಟದ್ದು. ಕುಡಿಯದವನ ಕೈಯೂ ಏಳಬಹುದೆಂಬುದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಈಗ ಅವಳು ತನ್ನನ್ನೇ ಬೈದುಕೊಂಡಳು. ನಿಂತ ನಿಲುವಿನಲ್ಲೇ ತೀರ್ಮಾನಿಸಿದಳು. ಇದು ನಿಜವಾದರೆ ಸಂಜೆಯ ಬಸ್ಸಿಗೆ ಮಗಳು ತನ್ನ ಜೊತೆ ಇಲವಾಲಕ್ಕೆ. ಮತ್ತೆ ಈ ಮನೆಯ ಹೊಸಿಲು ತುಳಿಸುವುದಿಲ್ಲ.

ಅಡುಗೆಮನೆಯಲ್ಲಿ ಬೀಗಿತ್ತಿ ಇಂದ್ರಮ್ಮ ಮುದ್ದೆ ತೊಳಸುತ್ತಿದ್ದಳು. ದೇವಿರಮ್ಮ ಅವರೆಕಾಯಿ ಸುಲಿಯುವ ನೆಪದಲ್ಲಿ ಎದುರಿಗೆ ಕೂತು, ತಣ್ಣಗೆ ಕೇಳಿದಳು:

"ಮಗೀಗೆ ಕಣ್ಣೇನಾಯ್ತು ಬೀಗ್ತವ್ವ?"

ಇಂದ್ರಮ್ಮನ ಕೋಲು ಒಂದು ಗಳಿಗೆ ನಿಂತಿತು. "ಅದಾ? ರೆಪ್ಪೆಗೆ ಕುರು ಎದ್ದದೆ ಕಣವ್ವ. ಉಷ್ಣ. ಹರಳೆಣ್ಣೆ ಹಚ್ತಾ ಇವ್ನಿ, ಹೊಯ್ತದೆ ಬುಡು" ಎಂದು ಮತ್ತೆ ಗರಗರ ತೊಳಸಿದಳು.

ಮಗಳಿಗೆ ಬಾಗಿಲು, ಅತ್ತೆಗೆ ಕುರು. ದೇವಿರಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಮಧ್ಯಾಹ್ನ ಸಿದ್ದರಾಜು ಗಾಡಿ ಬಿಚ್ಚಿ, ಗೌರಿಯೆಂಬ ತನ್ನ ಕುದುರೆಯನ್ನು ಹಿತ್ತಲ ಲಾಯದಲ್ಲಿ ಕಟ್ಟಿ, ಕೈಕಾಲು ತೊಳೆದು ಬಂದ. "ಯಾವಾಗ ಬಂದ್ರಿ ಅತ್ತೆ?" ಎಂದು ನಗುನಗುತ್ತಲೇ ಕೇಳಿದ. ಅವನಿಗೂ ಅದೇ ಪ್ರಶ್ನೆ ಬಿತ್ತು. ನಗು ಇಳಿಯಿತು. ಒಂದು ಸಲ ತಾಯಿಯ ಕಡೆ ನೋಡಿದ, ಒಂದು ಸಲ ಹೆಂಡತಿಯ ಕಡೆ ನೋಡಿದ.

"ಸೌದೆ ಒಡೀವಾಗ ಚಕ್ಕೆ ಹಾರ್ತು ಅತ್ತೆ."

"ಅಂಗಾದ್ರೆ ಡಾಕ್ಟ್ರಿಗೆ ತೋರುಸ್ಬೇಕಾಗಿತ್ತು."

"ಡಾಕ್ಟ್ರ್ಯಾಕೆ? ಇನ್ನೆರಡು ದಿನಕ್ಕೆ ತಾನಾಗೇ ಸರಿಹೊಯ್ತದೆ" ಎಂದ ಸಿದ್ದರಾಜು, ಸ್ವಲ್ಪ ಅವಸರವಾಗಿಯೇ.

ಒಂದು ಕಣ್ಣು, ಮೂರು ಕಥೆ. ಸುಳ್ಳು ಹೇಳುವವರು ಕೂಡಿ ಕೂತು ಒಂದೇ ಸುಳ್ಳನ್ನು ಗೊತ್ತು ಮಾಡಿಕೊಳ್ಳುವಷ್ಟಾದರೂ ಬುದ್ಧಿ ಖರ್ಚು ಮಾಡಬೇಡವೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವರು ಈ ತಾಯಿಮಕ್ಕಳು ಎಂದುಕೊಂಡಳು ದೇವಿರಮ್ಮ. ನಡುಮನೆಯ ಗೂಟದಲ್ಲಿ ಅಳಿಯನ ಚಾಟಿ ನೇತಾಡುತ್ತಿತ್ತು. ಎರಡು ವರ್ಷದಿಂದ ನೋಡುತ್ತ ಬಂದ ಚಾಟಿಯೇ. ಇವತ್ತು ಅದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಊಟಕ್ಕೆ ಕೂತರು. ಮಗಳು ಬಡಿಸುವಾಗ ಸೆರಗು ಜಾರಿ, ಊದಿ ಮುಚ್ಚಿಹೋದ ರೆಪ್ಪೆ ಒಂದು ಕ್ಷಣ ಕಂಡಿತು. ಕೆಂಪು ತಿರುಗಿ ನೀಲಿಗಟ್ಟಿತ್ತು. ಇಂಥ ಬಣ್ಣವನ್ನು ದೇವಿರಮ್ಮ ಬಿಂದಿಗೆಯ ನೀರಿನಲ್ಲಿ ತನ್ನ ಮುಖದ ಮೇಲೇ ಎಷ್ಟು ಸಲ ನೋಡಿಕೊಂಡಿರಲಿಲ್ಲ!

ಊಟವಾದ ಮೇಲೆ ಚಾಪೆಯ ಮೇಲೆ ಒರಗಿ ಕಣ್ಣು ಮುಚ್ಚಿಕೊಂಡಳು, ನಿದ್ದೆ ಮಾಡಲಿಲ್ಲ. ಇಂದ್ರಮ್ಮ ಪಿಸುಗುಟ್ಟುವುದು ಕೇಳಿಸಿತು. "ಈಗ್ಲೇ ಕರ್ಕೊಂಡೋಗು, ನಿಮ್ಮತ್ತೆ ಮಲಗವ್ಳೆ. ಇವತ್ತು ಚೆನ್ನಾಗಿ ಬಿಗಿ. ಬಾಯಿ ಬುಡ್ಬ್ಯಾಡ ಅಂತ ಹೇಳು." ಹಿತ್ತಲ ಬಾಗಿಲು ಕಿರುಗುಟ್ಟಿತು. ಎರಡು ಜೊತೆ ಹೆಜ್ಜೆ ಲಾಯದ ಕಡೆ ಹೋದವು.

ಬಿಗಿ ಎಂದಳೆ? ಬಾಯಿ ಬಿಡಬೇಡ ಎಂದಳೆ? ದೇವಿರಮ್ಮ ಎದ್ದು ಬರಿಗಾಲಲ್ಲಿ ಹಿಂದೆಯೇ ಹೋದಳು. ಲಾಯದ ತಟ್ಟಿಯ ಸಂದಿಯಿಂದ ಕಂಡದ್ದಿಷ್ಟು: ಪುಟ್ಟತಾಯಿ ಕಂಬವನ್ನು ಎರಡೂ ಕೈಯಿಂದ ಅವುಚಿ ನಿಂತಿದ್ದಾಳೆ. ಸಿದ್ದರಾಜು ಇತ್ತ ಬೆನ್ನು ಮಾಡಿ ನಿಂತು, ಒಂದು ಕೈಯಿಂದ ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದ್ದಾನೆ. ಇನ್ನೊಂದು ಕೈ ಅವಳ ಕಣ್ಣಿನ ಮೇಲಿದೆ.

"ಬುಡಿ, ನಿಮ್ ದಮ್ಮಯ್ಯ. ತಡಿಯಕ್ಕಾಗಕಿಲ್ಲ" ಎಂದು ಪುಟ್ಟತಾಯಿ ಅಳುತ್ತಿದ್ದಳು.

"ಸುಮ್ಕಿರು ಅಂದ್ನಲ್ಲ! ಸದ್ದು ಮಾಡಿದ್ರೆ ನಿಮ್ಮವ್ವಂಗೆ ಕೇಳುಸ್ತದೆ."

ಆ ಕ್ಷಣದಲ್ಲಿ ದೇವಿರಮ್ಮನಿಗೆ ವಯಸ್ಸು ನೆನಪಾಗಲಿಲ್ಲ. ತಟ್ಟಿಯನ್ನು ತಳ್ಳಿಕೊಂಡು ನುಗ್ಗಿ ಅಳಿಯನ ಭುಜಕ್ಕೆ ಕೈಹಾಕಿ ಎಳೆದ ಏಟಿಗೆ, ಅವನು ಹುಲ್ಲಿನ ಮೇಲೆ ಹೋಗಿ ಬಿದ್ದ. ಕುದುರೆ ಬೆದರಿ ಕೆನೆಯಿತು.

"ಕೇಳುಸ್ತು ಕಣೋ! ಕೇಳುಸ್ತು! ಹೆತ್ತೋಳು ಒಳಗಿರೋವಾಗ್ಲೇ ಇಂಗೆ, ಇಲ್ದಿದ್ದಾಗ ಇನ್ನೆಂಗೋ?"

"ಅತ್ತೆ, ಅದು ಅಂಗಲ್ಲ..."

"ಎಂಗೂ ಬ್ಯಾಡ. ನಡಿಯೇ ಪುಟ್ಟಿ. ಡಾಕ್ಟ್ರ ಬಾಯಲ್ಲೇ ಹೇಳುಸ್ತೀನಿ. ಆಮೇಕೆ ಸೀದಾ ಇಲವಾಲಕ್ಕೆ."

ಮಗಳ ಮುಖವನ್ನು ಅವಳು ಆಗ ಬೆಳಕಿಗೆ ತಿರುಗಿಸಿ ನೋಡಿದ್ದರೆ ಸಾಕಿತ್ತು. ಹುಟ್ಟಿದಾಗಿನಿಂದ ದನಕರುವಿನ ನಡುವೆ ಬದುಕಿದವಳು, ತಾನೇ ಪತ್ತೆ ಹಚ್ಚುತ್ತಿದ್ದಳು. ಆದರೆ ನೋಡಬೇಕಾದ್ದನ್ನೆಲ್ಲ ನೋಡಿಯಾಯಿತು ಎಂದುಕೊಂಡವರು ಮತ್ತೆ ನೋಡುವುದುಂಟೆ? ಮಗಳ ರಟ್ಟೆ ಹಿಡಿದು ಬೀದಿಗಿಳಿದಳು.

ಲೇಡಿ ಡಾಕ್ಟ್ರು ಸುಮಿತ್ರಮ್ಮನವರ ಷಾಪು ಎರಡು ಬೀದಿಯಾಚೆ, ಅವರ ಮನೆಯ ಜಗಲಿಯಲ್ಲೇ ಇತ್ತು. ಬೆಂಚಿನ ತುಂಬ ಜನ. ಸಿದ್ದರಾಜು ಹಿಂದೆಯೇ ಗಾಡಿ ಕಟ್ಟಿಕೊಂಡು ಬಂದು ಬೀದಿಯಲ್ಲಿ ನಿಂತ. ಬಂದದ್ದೂ ದೇವಿರಮ್ಮನಿಗೆ ಅನುಮಾನವೇ. ತಪ್ಪಿಲ್ಲದವನು ಹಿಂದೆ ಯಾಕೆ ಬರುತ್ತಾನೆ? ಬರದಿದ್ದರೆ ತಪ್ಪಿದ್ದವನು ಮನೆಯಲ್ಲಿ ಅಡಗಿದ ಅನ್ನುತ್ತಿದ್ದಳು, ಆ ಮಾತು ಬೇರೆ.

ಡಾಕ್ಟ್ರು ಪುಟ್ಟತಾಯಿಯ ಮುಖವನ್ನು ನೋಡಿದವರೇ ಗಂಭೀರರಾದರು. "ನೀವು ಸ್ವಲ್ಪ ಹೊರಗಿರಿ" ಎಂದು ದೇವಿರಮ್ಮನನ್ನು ಕಳಿಸಿ ಪರದೆ ಎಳೆದರು. ದೇವಿರಮ್ಮ ಪರದೆಗೆ ಕಿವಿಯಿಟ್ಟು ನಿಂತಳು.

"ಯಾರಾದರೂ ಹೊಡೆದರೇನಮ್ಮ? ನನ್ನ ಹತ್ತಿರ ಹೇಳಿದ್ದು ಆಚೆ ಹೋಗೋದಿಲ್ಲ."

"ಇಲ್ಲ ಅಮ್ಮಾವ್ರೆ."

"ಮತ್ತೆ ಹೇಗಾಯಿತು?"

ಪುಟ್ಟತಾಯಿ ಮೆಲ್ಲಗೆ ಅಂದಳು, "ಬಾಗ್ಲು ತಾಕ್ತು."

ದೇವಿರಮ್ಮ ಪರದೆಯನ್ನು ಸರ್ರನೆ ಎಳೆದಳು. "ಸುಳ್ಳು ಡಾಕ್ಟ್ರಮ್ಮ! ನನ್ನಳಿಯ ಹೊಡ್ದವ್ನೆ! ಅಕಾ, ಗಾಡಿ ತಾವ ನಿಂತವ್ನಲ್ಲ, ಅವ್ನೇಯ! ನಾನೇ ಕಣ್ಣಾರೆ ಕಂಡೆ!"

ಬೆಂಚಿನ ಮೇಲಿದ್ದವರ ತಲೆಗಳೆಲ್ಲ ಒಟ್ಟಿಗೆ ಬೀದಿಯ ಕಡೆ ತಿರುಗಿದವು. ಸಿದ್ದರಾಜು ಅವರ ಪೈಕಿ ಎಷ್ಟೋ ಮಂದಿಯನ್ನು ತನ್ನ ಜಟಕಾದಲ್ಲಿ ಕೂರಿಸಿಕೊಂಡು ಹೋದವನು. ಕುದುರೆಯ ಕತ್ತಿನ ಹಿಂದೆ ಮುಖ ಮರೆ ಮಾಡಿಕೊಂಡ.

ಸುಮಿತ್ರಮ್ಮನವರು ಬೈಯಲಿಲ್ಲ. "ಬಂದಿದ್ದೀರಲ್ಲ, ಈ ಬ್ಯಾಟರಿ ಹಿಡಿದುಕೊಳ್ಳಿ. ಅಲುಗಾಡಿಸಬೇಡಿ" ಎಂದು ಅವಳ ಕೈಗೆ ಕೊಟ್ಟು, ಭೂತಗನ್ನಡಿ ತೆಗೆದುಕೊಂಡು ಬಗ್ಗಿದರು. ಮೊದಲು ಹುಬ್ಬಿನ ಮೂಳೆಯನ್ನೂ ಕೆನ್ನೆಯ ಮೂಳೆಯನ್ನೂ ಒತ್ತಿ ನೋಡಿದರು. ಪುಟ್ಟತಾಯಿ ನರಳಲಿಲ್ಲ. ಹತ್ತಿಯಿಂದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದರು. ಕಣ್ಣಿನ ಬಿಳಿ ತಿಳಿಯಾಗಿಯೇ ಇತ್ತು. ಕಿವಿಯ ಮುಂದೆ ಬೆರಳಾಡಿಸಿದಾಗ ಮಾತ್ರ ಅವಳು ಹಾ ಎಂದಳು.

"ಇಲ್ಲಿ ಗಂಟು ಕಟ್ಟಿದೆ. ಪೆಟ್ಟು ಬಿದ್ದ ಕಣ್ಣು ಹೀಗಿರೋದಿಲ್ಲ. ಊತವೆಲ್ಲ ರೆಪ್ಪೆಯ ಅಂಚಿನಲ್ಲಿ ಒಂದೇ ಜಾಗದಿಂದ ಹರಡಿದೆ." ಅವರು ಇನ್ನಷ್ಟು ಬಗ್ಗಿದರು. "ಇದೇನಿದು, ಕೂದಲು ಕಟ್ಟಿದ್ದೀರಿ?"

ಪುಟ್ಟತಾಯಿಯ ಒಳ್ಳೆಯ ಕಣ್ಣಿನಿಂದ ನೀರು ಇಳಿಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಬಾಯಿಬಿಟ್ಟಳು. ರೆಪ್ಪೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನರುಲಿ ಎದ್ದಿತ್ತಂತೆ. ದಿನದಿಂದ ದಿನಕ್ಕೆ ದೊಡ್ಡದಾಯಿತಂತೆ. ನರುಲಿಗೆ ಕುದುರೆ ಬಾಲದ ಕೂದಲು ಕಟ್ಟಿ, ದಿನವೂ ಒಂದಿಷ್ಟು ಬಿಗಿ ಮಾಡಿದರೆ ಒಣಗಿ ಉದುರುತ್ತದೆಂಬುದು ಇಂದ್ರಮ್ಮ ತನ್ನ ಅತ್ತೆಯಿಂದ ಕಲಿತ ಮದ್ದು. ಕುದುರೆ ಮನೆಯಲ್ಲೇ ಇರುವಾಗ ಕೂದಲಿಗೇನು ಬರ. ಆದರೆ ಆ ಮದ್ದನ್ನು ಮೂರನೆಯವರಿಗೆ ಹೇಳಬಾರದು, ಹೇಳಿದರೆ ಫಲಿಸುವುದಿಲ್ಲ. ತವರಿನವರಿಗಂತೂ ಹೇಳಲೇಬಾರದು. ಅದಕ್ಕೇ ಮೂವರೂ ತಲೆಗೊಂದು ಸುಳ್ಳು ಹೇಳಿದ್ದು.

"ಅವ್ರು ಗಂಟು ಬಿಗೀತಿದ್ರು ಕಣವ್ವ, ಅಷ್ಟೇಯ. ನಂಗಿಂತ ಅವ್ರ ಕೈಯೇ ನಡುಗ್ತಿತ್ತು" ಎಂದಳು ಪುಟ್ಟತಾಯಿ.

ದೇವಿರಮ್ಮ ನಂಬಲಿಲ್ಲ. ಗಂಡನನ್ನು ಉಳಿಸಲು ಹೆಣ್ಣು ಎಂಥ ಕಥೆ ಬೇಕಾದರೂ ಕಟ್ಟುತ್ತಾಳೆ, ಅವಳಿಗೆ ಗೊತ್ತಿಲ್ಲವೆ? ಅಷ್ಟರಲ್ಲಿ ಸುಮಿತ್ರಮ್ಮನವರು, "ಬ್ಯಾಟರಿ ಹತ್ತಿರ ತನ್ನಿ" ಎಂದರು. ಆಮೇಲೆ ಬೇರೆಯದೇ ದನಿಯಲ್ಲಿ, "ಇದು ನರುಲಿಯಲ್ಲ. ನೀವೇ ನೋಡಿ, ಕಾಲಾಡಿಸ್ತಾ ಇದೆ" ಎಂದರು.

ದೇವಿರಮ್ಮ ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು. ರೆಪ್ಪೆಗೂದಲಿನ ಬುಡದಲ್ಲಿ ಬೂದುಬಣ್ಣದ, ಅವರೆಕಾಳಿನಂತೆ ಉಬ್ಬಿದ ಒಂದು ಮೈ. ಅದರ ಸುತ್ತ ಕರಿಯ ಕೂದಲಿನ ಗಂಟು. ಅಡಿಯಲ್ಲಿ ಸಣ್ಣ ಸಣ್ಣ ಕಾಲು. ಎಮ್ಮೆಯ ಕಿವಿಯಿಂದ, ಕರುವಿನ ಕತ್ತಿನಿಂದ ಜೀವಮಾನವೆಲ್ಲ ಕಿತ್ತು ಬೂದಿಗೆ ಹಾಕಿದ ಉಣ್ಣಿ!

"ಅಯ್ಯೋ ಶಿವನೇ" ಎಂದಳು. ಬ್ಯಾಟರಿಯ ಬೆಳಕು ಗೋಡೆಯ ಮೇಲೆಲ್ಲ ಓಡಾಡಿತು.

"ಕೈ ನಿಲ್ಲಿಸಿ. ಇದು ಚರ್ಮದೊಳಕ್ಕೆ ಬಾಯಿ ನೆಟ್ಟು ರಕ್ತ ಕುಡಿಯುತ್ತೆ. ಕೂತದ್ದು ಗೊತ್ತೇ ಆಗೋದಿಲ್ಲ, ನೋವಿರೋದಿಲ್ಲ. ಕೂದಲು ಬಿಗಿದದ್ದಕ್ಕೆ ರೆಪ್ಪೆ ಹೀಗೆ ಊದಿಕೊಂಡಿರೋದು. ಇನ್ನೊಂದು ದಿನ ಬಿಗಿದಿದ್ದರೆ ಮೈ ಹರಿದು ಬಂದು ಬಾಯಿ ಒಳಗೇ ಉಳಿದು ಕೀವಾಗುತ್ತಿತ್ತು. ಕಣ್ಣಿಗೇ ಕುತ್ತಾಗಬಹುದಿತ್ತು."

ಸುಮಿತ್ರಮ್ಮನವರು ಸಣ್ಣ ಕತ್ತರಿಯಿಂದ ಕೂದಲಿನ ಗಂಟನ್ನು ಕತ್ತರಿಸಿದರು. ಚೂಪು ಚಿಮುಟದಿಂದ ಉಣ್ಣಿಯ ಹೊಟ್ಟೆಯನ್ನು ಮುಟ್ಟದೆ, ಚರ್ಮಕ್ಕೆ ಅಂಟಿದಂತೆ ಅದರ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆದರು. ರೆಪ್ಪೆ ಗುಡಾರದಂತೆ ಮೇಲೆದ್ದು, ಕೊನೆಗೆ ಬಿಟ್ಟುಕೊಂಡಿತು. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಹಾಕಿದರೆ ಅದು ಭಾರದ ಹೊಟ್ಟೆ ಹೊತ್ತುಕೊಂಡು ನಡೆಯಿತು. ಬಾಯಿ ಪೂರ್ತಿ ಬಂದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಗಾಯ ತೊಳೆದು, ಪೆನ್ಸಿಲಿನ್ ಮುಲಾಮು ಹಚ್ಚಿ ಹತ್ತಿಯಿಟ್ಟು ಕಟ್ಟಿದರು.

ಆಮೇಲೆ ಸಿದ್ದರಾಜುವನ್ನು ಒಳಗೆ ಕರೆಸಿ ತಟ್ಟೆಯನ್ನು ತೋರಿಸಿದರು. "ದಿನಾ ಕುದುರೆ ಮೈ ಉಜ್ಜುವವನು ನೀನು. ಇದರ ಗುರುತು ಸಿಗಲಿಲ್ಲವೇನಪ್ಪ?"

"ಕುದ್ರೆ ಮೇಲಿದ್ರೆ ಸಿಕ್ತಿತ್ತು ಅಮ್ಮಾವ್ರೆ. ಮನ್ಸರ ಮೇಲೆ ಕುಂತ್ಕತದೆ ಅಂತ ಯಾರಿಗೆ ಗೊತ್ತು?" ಎಂದ ಸಿದ್ದರಾಜು, ತಲೆಯೆತ್ತದೆ.

"ಕುದುರೆ ಮೈಯೆಲ್ಲ ಹುಡುಕು. ಲಾಯದ ಹುಲ್ಲು ತೆಗೆದು ಸುಡು. ಇವಳಿಗೆ ಜ್ವರ ಬಂದರೆ, ಮೈಮೇಲೆ ದದ್ದು ಎದ್ದರೆ ತಡ ಮಾಡದೆ ಕರಕೊಂಡು ಬಾ. ಇನ್ನು ಮೇಲೆ ಇಂಥದ್ದು ಕಂಡರೆ ಕೂದಲೂ ಬೇಡ, ಸುಣ್ಣವೂ ಬೇಡ, ಗುಟ್ಟೂ ಬೇಡ." ಇಷ್ಟು ಹೇಳಿ ಅವರು ದೇವಿರಮ್ಮನ ಕಡೆ ತಿರುಗಿದರು. "ನಿಮ್ಮ ಅಳಿಯ ಹೊಡೆದಿಲ್ಲಮ್ಮ. ಹೊಡೆಸಿಕೊಂಡ ಕಣ್ಣುಗಳನ್ನ ಬೇಕಾದಷ್ಟು ನೋಡಿದೀನಿ." ಅವರ ನೋಟ ಅವಳ ಹಣೆಯ ಮೇಲೆ ನಿಂತಿತು. ಎಡ ಹುಬ್ಬನ್ನು ಎರಡು ಪಾಲು ಮಾಡಿ ಹಳೆಯ ಗಾಯದ ಬಿಳಿ ಗೆರೆಯೊಂದಿತ್ತು. "ಇದು ಹೇಗಾಯಿತು?"

"ಬಾಗ್ಲು ತಾಕ್ತು" ಎಂದಳು ದೇವಿರಮ್ಮ.

ಯೋಚಿಸಿ ಹೇಳಿದ್ದಲ್ಲ. ಕೆಮ್ಮು ಬಂದಂತೆ ತಾನಾಗಿ ಬಂದ ಮಾತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಡಾಕ್ಟ್ರು ಮತ್ತೇನೂ ಕೇಳದೆ ಕೈ ತೊಳೆಯಲು ಎದ್ದರು. ಮಂಚದ ಮೇಲೆ ಕೂತಿದ್ದ ಪುಟ್ಟತಾಯಿ ಮಾತ್ರ ತನ್ನ ಒಂಟಿಕಣ್ಣಿನಿಂದ ತಾಯಿಯನ್ನೇ ನೋಡುತ್ತಿದ್ದಳು.

ಜಗಲಿಗೆ ಬಂದು ದೇವಿರಮ್ಮ ಬೆಂಚಿನವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಅಂದಳು: "ನಾನು ಆಡಿದ್ದು ತಪ್ಪಾಯ್ತು ಕಣ್ರಪ್ಪ. ನನ್ನಳಿಯ ಹೊಡ್ದಿಲ್ಲ. ಅವ್ನು ಅಂಥೋನಲ್ಲ." ಆದರೆ ಮೊದಲ ಮಾತು ಕೇಳಿದ್ದವರಲ್ಲಿ ಕೆಲವರು ಆಗಲೇ ಔಷಧಿ ಇಸಕೊಂಡು ಹೋಗಿಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರ ಮನೆಮನೆಗೆ ಹೋಗಿ ಯಾರು ತಿದ್ದುತ್ತಾರೆ?

ಸಿದ್ದರಾಜು ಗಾಡಿಯ ಹಿಂಬದಿಯಲ್ಲಿ ಹುಲ್ಲು ಸರಿಮಾಡಿ, ಗೋಣಿ ಹಾಸಿ, ಇಬ್ಬರನ್ನೂ ಹತ್ತಿಸಿದ. ಮುಂದೆ ಕೂತು ಲಗಾಮು ಹಿಡಿದವನು ಹಿಂದೆ ತಿರುಗದೆಯೇ ಅಂದ: "ಅತ್ತೆ, ನಾನು ಕುದ್ರೆಗೂ ಚಾಟಿ ತಾಕ್ಸೋನಲ್ಲ. ಬರೀ ಸದ್ದು ಮಾಡಕ್ಕೆ ಇಟ್ಕಂಡಿರೋದು."

"ನಂಗೆ ತಿಳೀನಿಲ್ಲ ಕಣಪ್ಪ. ಮನಸಿಗೆ ಅಚ್ಕೋಬ್ಯಾಡ" ಎಂದಳು ದೇವಿರಮ್ಮ. ಅಷ್ಟು ಸಣ್ಣ ಮಾತು ಸಾಲದೆಂದು ಅವಳಿಗೂ ಗೊತ್ತಿತ್ತು, ನಾಚಿಕೆಯಿಂದ ಮೈ ಹಿಡಿಯಾಗಿತ್ತು.

ಗಾಡಿ ತಿರುವು ದಾಟಿತು. ಪುಟ್ಟತಾಯಿ ತಾಯಿಯ ಹತ್ತಿರಕ್ಕೆ ಸರಿದಳು.

"ಅವ್ವ, ಬಾಗ್ಲು ತಾಕ್ತು ಅಂತ ನಾನಂದಾಗ ನೀನ್ಯಾಕೆ ನಂಬ್ನಿಲ್ಲ?"

ದೇವಿರಮ್ಮ ಬೀದಿಯ ಕಡೆ ನೋಡಿದಳು.

"ನಾನು ನಂಬಿದ್ದೆ ಕಣವ್ವ. ನೀನು ಪ್ರತಿ ಸಲ ಅಂದಾಗ್ಲೂ ನಂಬಿದ್ದೆ. ಬಾಗ್ಲ ಮೇಲ್ಗಡೆ ಮರಕ್ಕೆ ನಿನ್ನ ಹಳೇ ಸೀರೆ ಚಿಂದಿ ಸುತ್ತಿದ್ದೆ. ಮಣೆ ಮೇಲೆ ಮಣೆ ಇಟ್ಟು, ಹತ್ತಿ ನಿಂತು ಸುತ್ತಿದ್ದೆ. ನಿಂಗೆ ನೋಯ್ಬಾರ್ದು ಅಂತ."

ದೇವಿರಮ್ಮನಿಗೆ ಅದು ಮರೆತಿರಲಿಲ್ಲ. ಆ ಚಿಂದಿ ಇವತ್ತಿಗೂ ಅಲ್ಲೇ ಇದೆ, ಹೊಗೆ ಹಿಡಿದು ಕರ್ರಗಾಗಿದೆ, ಅವಳು ಬಿಚ್ಚಿರಲಿಲ್ಲ. ಚಿಂದಿ ಸುತ್ತಿದ ದಿನ ಸಂಜೆ ಹೆಂಡದಂಗಡಿಯಿಂದ ಬಂದ ಜವರಯ್ಯ ತಲೆ ಬಗ್ಗಿಸಿ ಒಳಗೆ ಬರುವಾಗ ಅದನ್ನು ನೋಡಿ, ಏನಿದು ಎಂದು ಕೇಳಿದ್ದ. ಮಗಳು ಹೆಮ್ಮೆಯಿಂದ ಹೇಳಿದ್ದಳು. ಅವನು ಮಗಳನ್ನು ಎತ್ತಿಕೊಂಡು ಮುದ್ದಾಡಿ, ಗಟ್ಟಿಯಾಗಿ ನಕ್ಕಿದ್ದ. ದೇವಿರಮ್ಮನೂ ಒಲೆಯ ಮುಂದೆ ಕೂತು ನಕ್ಕಿದ್ದಳು.

ಇಷ್ಟು ವರ್ಷ ಆ ಮಗುವಿನ ಅಪ್ಪನನ್ನು ಕಾಪಾಡಿಕೊಂಡು ಬಂದಿದ್ದಳು. ಕಾಪಾಡಿ ಬಂದ ಭಾಗ್ಯಕ್ಕೆ ಮಗಳು ಕಲಿತದ್ದೇನು? ನೋವಾದರೆ ಸೆರಗು ಎಳೆದುಕೊಂಡು ಬಾಗಿಲು ತಾಕಿತು ಎನ್ನುವುದು. ಇವತ್ತು ಆ ಸುಳ್ಳಿನ ಹಿಂದೆ ಉಣ್ಣಿ ಇತ್ತು, ಸರಿ. ನಾಳೆ ಇನ್ನೇನೋ ಇದ್ದರೂ ಇವಳು ಹೇಳುವುದು ಇದನ್ನೇ ಅಲ್ಲವೆ? ಆ ಯೋಚನೆ ಬಂದಾಗ ದೇವಿರಮ್ಮನಿಗೆ ಅಳು ತಡೆಯಲಾಗಲಿಲ್ಲ.

"ಆ ಬಾಗ್ಲು ನಂಗೆ ಒಂದ್ಸಲಾನೂ ತಾಕ್ನಿಲ್ಲ ಕಣ್ ಮಗ" ಎಂದಳು.

ಪುಟ್ಟತಾಯಿ ಕೈಚಾಚಿ, ತಾಯಿಯ ಹುಬ್ಬಿನ ಮೇಲಿನ ಆ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಮುಂದೆ ಕೂತಿದ್ದ ಸಿದ್ದರಾಜುವಿಗೆ ಎಲ್ಲವೂ ಕೇಳಿಸಿತ್ತು. ಅವನು ತಿರುಗಿ ನೋಡಲಿಲ್ಲ. ಮನೆ ಬಂದರೂ ಗಾಡಿ ನಿಲ್ಲಿಸದೆ, ಕುದುರೆಯನ್ನು ಮೆಲ್ಲಗೆ ಮುಂದಿನ ಬೀದಿಗೆ ನಡೆಸಿಕೊಂಡು ಹೋದ.